ನಾಟಿ ಮುಗಿಯುವವರೆಗೆ ಬಸಿರು ಕಾಯುವುದಿಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು. ಡಾಕ್ಟರ್ ಚೀಟಿ ಇಲ್ಲದೆ ಗರ್ಭಪಾತದ ಮಾತ್ರೆ ಮಾರುತ್ತಿದ್ದ ಅಂಗಡಿಯ ಮೇಲೆ ದಾಳಿ, ಮಾಲು ವಶ, ಲೈಸೆನ್ಸ್ ಅಮಾನತು. ಐದಾರು ಸಾಲು ಅಷ್ಟೇ. ದಾಳಿ ಮಾಡಿದ್ದು ಸರಿ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಅಂಗಡಿಗೆ ಹೆಣ್ಣುಮಕ್ಕಳು ಯಾಕೆ ಹೋಗುತ್ತಿದ್ದರು ಅನ್ನುವುದು ಸುದ್ದಿಯಲ್ಲಿ ಇರಲಿಲ್ಲ. ಅದನ್ನು ಹೇಳೋಣ ಅಂತ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ತಾಳ್ಮೆಯಿಂದ ಓದಿ.

ನಾನು ಡಿ.ಫಾರ್ಮಾ ಓದಿದವಳು. ಕಾರಟಗಿಯಲ್ಲಿ ಗಂಡನ ಜೊತೆ ಮೆಡಿಕಲ್ ಶಾಪ್ ನಡೆಸುತ್ತೇನೆ. ಕೌಂಟರ್‌ನಲ್ಲಿ ಹೆಂಗಸು ಇದ್ದಾಳೆ ಅಂತ ಗೊತ್ತಾದರೆ ಸುತ್ತಲಿನ ಕ್ಯಾಂಪ್ (ಕಾಲುವೆ ಬಯಲಿನ ಸಣ್ಣ ಊರುಗಳಿಗೆ ನಮ್ಮ ಕಡೆ ಹಾಗೆ ಅಂತಾರೆ), ತಾಂಡಾಗಳ ಹೆಣ್ಣುಮಕ್ಕಳು ಹುಡುಕಿಕೊಂಡು ಬರುತ್ತಾರೆ. ಅಂಗಡಿಯಲ್ಲಿ ಗಂಡಸರು ಇದ್ದರೆ ಒಂದು ಪ್ಯಾರಾಸಿಟಮಾಲ್ ಕೊಂಡು, ಜನ ಕರಗುವವರೆಗೆ ಪಕ್ಕದ ಬೀಡಾ ಅಂಗಡಿಯ ನೆರಳಲ್ಲಿ ನಿಂತಿರುತ್ತಾರೆ. ಆಮೇಲೆ ಬಂದು ಮೆಲ್ಲಗೆ, “ಅಕ್ಕಾರ, ತಿಂಗಳು ನಿಂತೈತ್ರಿ, ಇಳಿಯೋ ಗುಳಿಗಿ ಐತೇನ್ರಿ” ಅಂತಾರೆ. ಹೀಗೆ ಕೇಳುವವರಲ್ಲಿ ಜಾಸ್ತಿ ಜನ ಮದುವೆಯಾಗಿ ಎರಡು ಮೂರು ಮಕ್ಕಳಾದವರು. ಗರ್ಭಪಾತ ಅಂದ ಕೂಡಲೇ ಕಾಲೇಜು ಹುಡುಗಿಯರ ಕಡೆ ಬೆರಳು ತೋರಿಸುವವರು ಒಂದು ದಿನ ನನ್ನ ಕೌಂಟರ್ ಹಿಂದೆ ಕೂತು ನೋಡಲಿ.

ಒಬ್ಬಳ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ. ಊರು ಬೇಡ, ಇಲ್ಲಿಂದ ಸಿಂಧನೂರಿಗೆ ಹೋಗುವ ದಾರಿಯ ಒಂದು ಕ್ಯಾಂಪ್ ಅಂದುಕೊಳ್ಳಿ. ವಯಸ್ಸು ಇಪ್ಪತ್ತೈದರ ಆಸುಪಾಸು. ಎರಡು ಹೆಣ್ಣು, ಒಂದು ಗಂಡು. ಕೊನೆಯ ಕೂಸು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಹಾಲು ಕುಡಿಸುವವರೆಗೆ ಬಸಿರು ನಿಲ್ಲುವುದಿಲ್ಲ ಅಂತ ಅತ್ತೆ ಹೇಳಿದ್ದನ್ನು ನಂಬಿದ್ದಳು. ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಮೊದಲ ಆರು ತಿಂಗಳು, ಬರೀ ಎದೆಹಾಲು ಕೊಡುವಾಗ, ಮುಟ್ಟು ಇನ್ನೂ ಶುರುವಾಗಿರದಿದ್ದರೆ ಮಾತ್ರ ಬಹುಮಟ್ಟಿಗೆ ನಿಜ. ಇವಳ ಕೂಸು ಆಗಲೇ ಅನ್ನ, ಸಾರು ತಿನ್ನುತ್ತಿತ್ತು. ಹೆರಿಗೆ ಆದ ಮೇಲೆ ಒಮ್ಮೆಯೂ ಹೊರಗಾಗಿರಲಿಲ್ಲ, ಹಾಗಾಗಿ ಬಸಿರು ನಿಂತದ್ದು ಗೊತ್ತಾಗುವ ದಾರಿಯೇ ಇರಲಿಲ್ಲ. ವಾಂತಿ ಶುರುವಾದಾಗ ಪಿತ್ತ ಅಂತ ಈನೋ ಕೊಳ್ಳಲು ಬಂದಳು. ಮುಖ ನೋಡಿ ನಾನೇ ಚೆಕ್ ಮಾಡುವ ಕಿಟ್ ಕೊಟ್ಟೆ. ಎರಡು ಗೆರೆ ಬಂತು.

ಆಶಾ ಕಾರ್ಯಕರ್ತೆಯರ ಹತ್ತಿರ ಈ ಕಿಟ್ ಪುಕ್ಕಟೆ ಸಿಗುತ್ತದೆ. ಆದರೆ ಇಟ್ಟುಕೊಳ್ಳುವ ಬಸಿರಲ್ಲ ಅನ್ನಿಸಿದರೆ ಹೆಚ್ಚಿನವರು ಅಲ್ಲಿಗೆ ಹೋಗುವುದಿಲ್ಲ. ಆಶಾ ಅಂದರೆ ಅದೇ ಓಣಿಯವಳು, ಸೊಸೆಯೋ ನಾದಿನಿಯೋ ಆಗಬೇಕು. ಒಮ್ಮೆ ಬಸುರಿ ಅಂತ ಪುಸ್ತಕದಲ್ಲಿ ಬರೆದರೆ ತಾಯಿ ಕಾರ್ಡ್ ಯಾಕೆ ಮಾಡಿಸಿಲ್ಲ, ಸೂಜಿ ಯಾಕೆ ಹಾಕಿಸಿಲ್ಲ ಅಂತ ಮನೆ ಮುಂದೆ ವಿಚಾರಣೆ ಶುರು. ಪಾಪ, ಅವರ ಕೆಲಸವೇ ಅದು. ಆದರೂ ಹೆಣ್ಣುಮಕ್ಕಳು ಹೆದರುತ್ತಾರೆ.

ಸರ್ಕಾರಿ ಆಸ್ಪತ್ರೆಗೆ ಹೋಗು, ದುಡ್ಡು ಕೊಡಬೇಕಿಲ್ಲ, ತಡ ಮಾಡಬೇಡ ಅಂದೆ. “ನಾಟಿ ಮುಗೀಲಿ ಅಕ್ಕಾರ” ಅಂದಳು. ಆಗ ಗದ್ದೆಯಲ್ಲಿ ನಾಟಿ ಜೋರಾಗಿತ್ತು. ನಮ್ಮ ಕಡೆ ನಾಟಿ ಗುಂಪಿನ ಮೇಲೆ ನಡೆಯುತ್ತದೆ. ಎಕರೆಗೆ ಇಷ್ಟು ಅಂತ ಗುತ್ತಿಗೆ, ಮುಂಗಡ ಮೊದಲೇ ತಿಂದಿರುತ್ತಾರೆ. ಹತ್ತು ಜನರ ಗುಂಪಿನಲ್ಲಿ ಒಬ್ಬಳು ತಪ್ಪಿಸಿಕೊಂಡರೆ ಉಳಿದವರ ಲೆಕ್ಕ ಕೆಡುತ್ತದೆ, ಮುಂದಿನ ಸಲ ಗುಂಪಿಗೆ ಕರೆಯುವುದಿಲ್ಲ. ಕಾಲುವೆಗೆ ನೀರು ಬಿಟ್ಟ ಆ ಕೆಲವು ವಾರಗಳ ದುಡಿಮೆಯೇ ಅವರಿಗೆ ಮುಂದಿನ ತಿಂಗಳುಗಳ ಅಕ್ಕಿ, ಎಣ್ಣೆ. ಅವಳು ನಾಟಿ ಮುಗಿಸಿದಳು.

ಆಮೇಲೆ ಆಸ್ಪತ್ರೆಗೆ ಹೋದಳು. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಹೆಸರು ಬರೆದರೆ ಅಲ್ಲಿನ ನರ್ಸಮ್ಮನಿಗೆ ನೋಟಿಸ್ ಬರುತ್ತದೆ ಅಷ್ಟೇ, ಬೇರೇನೂ ಬದಲಾಗಲ್ಲ. ಕೊನೆಯ ಮುಟ್ಟು ಯಾವಾಗ ಅಂತ ಕೇಳಿದರು. ಮುಟ್ಟೇ ಆಗದವಳು ಯಾವ ತಾರೀಕು ಹೇಳಬೇಕು? ಹಾಗಾಗಿ ಸ್ಕ್ಯಾನಿಂಗ್ ಬೇಕೇ ಬೇಕಾಯಿತು. ಅಲ್ಲಿ ಸ್ಕ್ಯಾನಿಂಗ್ ಮಾಡುವವರು ಅವತ್ತು ಇರಲಿಲ್ಲ, ಹೊರಗೆ ಮಾಡಿಸಿಕೊಂಡು ಬಾ ಅಂದರು. ಗೃಹಲಕ್ಷ್ಮಿಯ ಒಂದು ತಿಂಗಳ 2,000 ರೂಪಾಯಿ ಸ್ಕ್ಯಾನಿಂಗ್‌ಗೆ ಮತ್ತು ಓಡಾಟಕ್ಕೆ ಮುಗಿಯಿತು. ರಿಪೋರ್ಟ್‌ನಲ್ಲಿ ಎಂಟು ವಾರ ಚಿಲ್ಲರೆ ಅಂತ ಬಂತು.

ಈ ಎಂಟು ವಾರ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ನಿಯಮದ ಪ್ರಕಾರ ಮಾತ್ರೆಯಿಂದ ಗರ್ಭಪಾತ ಮಾಡಿಸಲು 9 ವಾರದವರೆಗೆ ಅವಕಾಶ. ಒಂದು ಮಿಫೆಪ್ರಿಸ್ಟೋನ್, ಒಂದೆರಡು ದಿನ ಬಿಟ್ಟು ನಾಲ್ಕು ಮಿಸೊಪ್ರೊಸ್ಟಾಲ್. ಐದೇ ಮಾತ್ರೆ, ಒಂದೇ ಪ್ಯಾಕೆಟ್. ಚೀಟಿ ಇದ್ದರೆ ಐನೂರು ರೂಪಾಯಿ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಅದು ದಾಟಿದರೆ 12 ವಾರದವರೆಗೆ ಎಂವಿಎ, ಅಂದರೆ ಕೈಯಲ್ಲಿ ಎಳೆಯುವ ದೊಡ್ಡ ಸಿರಿಂಜಿನಿಂದ ಗರ್ಭಕೋಶ ಖಾಲಿ ಮಾಡುವುದು. ಕರೆಂಟ್ ಬೇಕಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸುವುದೂ ಬೇಕಿಲ್ಲ. ಇದಕ್ಕೆ ಸ್ತ್ರೀರೋಗ ತಜ್ಞರೇ ಬೇಕು ಅಂತಿಲ್ಲ, ತರಬೇತಿ ಪಡೆದ ಎಂಬಿಬಿಎಸ್ ಡಾಕ್ಟರೂ ಮಾಡಬಹುದು. 12 ದಾಟಿದರೆ ತಜ್ಞರು, ಇಲ್ಲವೇ ಆ ವಿಭಾಗದಲ್ಲಿ ಅನುಭವ ಇರುವ ಡಾಕ್ಟರೇ ಬೇಕು. 20 ದಾಟಿದರೆ ಇಬ್ಬರು ಡಾಕ್ಟರ್ ಒಪ್ಪಬೇಕು, ಅದೂ ಕೆಲವೇ ಕಾರಣಗಳಿಗೆ. 24 ದಾಟಿದರೆ, ಭ್ರೂಣಕ್ಕೆ ಗಂಭೀರ ದೋಷ ಇದ್ದಾಗ, ವೈದ್ಯಕೀಯ ಮಂಡಳಿ. ಒಂದೊಂದು ಗೆರೆ ದಾಟಿದ ಹಾಗೆ ಖರ್ಚು ಹೆಚ್ಚು, ಊರು ದೂರ, ಅಪಾಯ ಜಾಸ್ತಿ. ದುಡ್ಡಿದ್ದವರು ಮೊದಲ ಗೆರೆಯ ಒಳಗೇ ಮುಗಿಸಿಕೊಳ್ಳುತ್ತಾರೆ. ಇಲ್ಲದವರು ಗೆರೆ ದಾಟುತ್ತಾ ಹೋಗುತ್ತಾರೆ.

ಅವಳಿಗೆ ಮಾತ್ರೆಯ ಗೆರೆ ದಾಟಲು ಇನ್ನು ಕೆಲವೇ ದಿನ ಇತ್ತು. ರಿಪೋರ್ಟ್ ಹಿಡಿದು ಹೋದರೆ, ಗಂಡನನ್ನು ಕರೆದುಕೊಂಡು ಬಾ, ಸಹಿ ಬೇಕು ಅಂದರು. ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದ. ನಮ್ಮ ಕಡೆ ಎರಡನೇ ಬೆಳೆಗೆ ನೀರಿಲ್ಲದ ವರ್ಷವಂತೂ ಅರ್ಧ ಊರೇ ಗುಳೆ ಹೋಗಿರುತ್ತದೆ. ಅವನು ಬಟವಾಡೆ ಆದ ಮೇಲೆ ಬಂದ. ಅಷ್ಟೊತ್ತಿಗೆ ಹತ್ತನೇ ವಾರ. ರಕ್ತ ನೋಡಿದರು, ಹಿಮೋಗ್ಲೋಬಿನ್ ಏಳು ಚಿಲ್ಲರೆ ಇತ್ತು. ಇಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಇದನ್ನು ತಪ್ಪು ಅನ್ನಲಾರೆ, ರಕ್ತ ಅಷ್ಟು ಕಡಿಮೆ ಇದ್ದರೆ ರಕ್ತ ಕೊಡುವ ವ್ಯವಸ್ಥೆ ಇರುವ ಕಡೆಯೇ ಮಾಡಬೇಕು. ದೊಡ್ಡಾಸ್ಪತ್ರೆಯಲ್ಲಿ, ತೆಗೆಯುತ್ತೇವೆ, ಆದರೆ ಜೊತೆಗೇ ಮುಂದೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳಬೇಕು ಅಂದರಂತೆ. ಇರುವುದು ಒಂದೇ ಗಂಡು ಕೂಸು, ಆಪರೇಷನ್ ಬೇಡ ಅಂತ ಅತ್ತೆ ಹಟ ಹಿಡಿದಳು. ಕೈಯಲ್ಲಿ ಫೈಲ್ ಹಿಡಿದು ಮೂವರೂ ವಾಪಸ್ ಬಂದರು. ಮರುದಿನ ಗಂಡ ಬೆಂಗಳೂರು ಬಸ್ ಹತ್ತಿದ. ರಜೆ ಮುಗಿದಿತ್ತು.

ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಕೇಳಿದರೆ ಹನ್ನೆರಡು ಸಾವಿರ ಅಂದರು. ಸಂಘದ ಕಂತು ಆಗಲೇ ಎರಡು ಬಾಕಿ. ಕೊನೆಗೆ ಪಕ್ಕದ ಊರಿನಲ್ಲಿ ಸೂಜಿ ಮಾಡುತ್ತಾ, ಬಾಟ್ಲಿ ಹಚ್ಚುತ್ತಾ ಡಾಕ್ಟರ್ ಅನ್ನಿಸಿಕೊಂಡವನು ಪೇಪರಿನಲ್ಲಿ ಸುತ್ತಿ ಮಾತ್ರೆ ಕೊಟ್ಟ. ಎರಡು ಸಾವಿರ ತಗೊಂಡ. ಎಷ್ಟು ವಾರ ಅಂತ ಕೇಳಲಿಲ್ಲ, ರಕ್ತ ಎಷ್ಟಿದೆ ಅಂತ ಕೇಳಲಿಲ್ಲ, ಗಂಡನ ಸಹಿಯಂತೂ ಕೇಳಲೇ ಇಲ್ಲ!

ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಅವಳ ಅತ್ತೆ ಬಂದು “ರಕ್ತ ನಿಲ್ಲೋ ಗುಳಿಗಿ ಕೊಡ್ರಿ” ಅಂದಳು. ಯಾರಿಗೆ ಅಂದರೆ, ಹೊರಗೆ ಆಟೋದಲ್ಲಿ ಅದಾಳ ಅಂದಳು. ಹೋಗಿ ನೋಡಿದೆ. ಸೀಟಿನ ಮೇಲೆ ಹಳೆ ಕೌದಿ ಹಾಸಿದ್ದರು, ಅದು ತೋಯ್ದು ಹೋಗಿತ್ತು. ಕಣ್ಣಿನ ಒಳಗೆ ಬಿಳಿ ಬಿಟ್ಟರೆ ಬೇರೆ ಬಣ್ಣ ಇರಲಿಲ್ಲ. ಆ ಸ್ಥಿತಿಯಲ್ಲೂ ಸೆರಗಿನಿಂದ ಸೀಟು ಒರೆಸುತ್ತಿದ್ದಳು, ಆಟೋದವನು ಬೈತಾನೆ ಅಂತ. 108ಕ್ಕೆ ಫೋನ್ ಮಾಡಿ ಕಳಿಸಿದೆವು. ರಕ್ತ ಹಾಕಿದರು, ಒಳಗೆ ಉಳಿದದ್ದನ್ನು ತೆಗೆದರು, ಬದುಕಿದಳು. ಯಾವ ಆಸ್ಪತ್ರೆಯವರು ಆಪರೇಷನ್ ಇಲ್ಲದೆ ಆಗಲ್ಲ ಅಂದಿದ್ದರೋ ಅಲ್ಲೇ, ಆಪರೇಷನ್ ಇಲ್ಲದೆಯೇ.

ಅದೇ ಸುಮಾರಿಗೆ ನಮ್ಮ ಊರಿನ ಅನುಕೂಲಸ್ಥ ಮನೆಯ ಒಬ್ಬರು ಹುಬ್ಬಳ್ಳಿಯ ಡಾಕ್ಟರ್ ಚೀಟಿ ತಂದು ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ ಕೊಂಡರು. ಚೀಟಿಯ ಮೇಲೆ ಬರೆದದ್ದು ನೋಡಿದರೆ ನಮಗೆ ಗೊತ್ತಾಗುತ್ತದೆ. ಮನೆಯಲ್ಲೇ ಚೆಕ್ ಮಾಡಿಕೊಂಡಿದ್ದಾರೆ, ಐದಾರು ವಾರದಲ್ಲೇ ಕಾರಿನಲ್ಲಿ ಹೋಗಿ ಬಂದಿದ್ದಾರೆ. ಮುಂದಿನ ಸೋಮವಾರ ಆ ತಾಯಿ ಮಗಳನ್ನು ಸ್ಕೂಲ್ ವ್ಯಾನಿಗೆ ಬಿಡಲು ನಿಂತಿದ್ದರು. ಒಳ್ಳೆಯದೇ ಆಯಿತು. ಹಾಗೇ ಆಗಬೇಕು. ಕ್ಯಾಂಪಿನವಳಿಗೂ ಹಾಗೇ ಆಗಬೇಕಿತ್ತು ಅನ್ನುವುದಷ್ಟೇ ನನ್ನ ಮಾತು. ಕಾಯ್ದೆ ಇಬ್ಬರಿಗೂ ಒಂದೇ.

ಕಾಯ್ದೆ ಅಂದೆ. ಗರ್ಭಪಾತ ಅಂದರೆ ಅಪರಾಧ ಅಂತ ನಮ್ಮ ಕಡೆ ಓದಿದವರೂ ತಿಳಿದಿದ್ದಾರೆ. 1971ರಲ್ಲೇ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದಿದೆ, 2021ರಲ್ಲಿ ತಿದ್ದುಪಡಿಯೂ ಆಗಿದೆ. ಅದರಲ್ಲಿ ಗಂಡನ ಸಹಿ ಅನ್ನುವ ಮಾತೇ ಇಲ್ಲ. 18 ತುಂಬಿದವಳ ಸಹಿ ಒಂದೇ ಸಾಕು. 18ರ ಒಳಗಿದ್ದರೆ ಅಥವಾ ಮಾನಸಿಕ ಅಸ್ವಸ್ಥತೆ ಇದ್ದರೆ ಮಾತ್ರ ಪೋಷಕರ ಒಪ್ಪಿಗೆ. ಒಪ್ಪಿಗೆಯ ಫಾರಂ ಸಿ ಇರುತ್ತದಲ್ಲ, ಅದರಲ್ಲಿ ಇಂಥವರ ‘ಮಗಳು ಅಥವಾ ಹೆಂಡತಿ’ ಅಂತ ಇದೆ. ತಂದೆ ಹೆಸರು ಬರೆದರೂ ಆಗುತ್ತದೆ. ಆದರೂ ಗಂಡ ಎಲ್ಲಿ ಅಂತ ಕೇಳುತ್ತಾರೆ. ಈ ಪ್ರಶ್ನೆ ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಎಷ್ಟು ಜನರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತದೆ ಗೊತ್ತೇ? ದೇವದಾಸಿ ಪದ್ಧತಿಯನ್ನು 1982ರಲ್ಲೇ ಕಾನೂನಿನಿಂದ ನಿಷೇಧಿಸಿದರೂ ಆ ಮನೆತನದ ಹೆಣ್ಣುಮಕ್ಕಳು ಇಲ್ಲಿ ಇದ್ದಾರೆ. ಬಿಟ್ಟು ಹೋದ ಗಂಡಂದಿರು ಇದ್ದಾರೆ, ಕುಡಿದು ಬಂದು ಸಹಿಗೆ ದುಡ್ಡು ಕೇಳುವ ಗಂಡಂದಿರೂ ಇದ್ದಾರೆ.

ಮದುವೆ ಆಗದವರಿಗೂ ಇದೇ ಹಕ್ಕು. 2021ರ ತಿದ್ದುಪಡಿಯಲ್ಲಿ ‘ಗಂಡ’ ಅಂತ ಇದ್ದಲ್ಲಿ ‘ಸಂಗಾತಿ’ ಅಂತ ಮಾಡಿದರು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, 20ರಿಂದ 24 ವಾರದ ಅವಕಾಶ ಅವಿವಾಹಿತರಿಗೂ ಇದೆ ಅಂತ ತೀರ್ಪು ಕೊಟ್ಟಿತು. ಗಂಡನೇ ಬಲವಂತ ಮಾಡಿ ಬಸಿರಾದರೂ ಈ ಕಾಯ್ದೆಯ ಮಟ್ಟಿಗೆ ಅದನ್ನು ಅತ್ಯಾಚಾರ ಅಂತಲೇ ನೋಡಬೇಕು ಅಂತಲೂ ಹೇಳಿತು. ಓದಿದಾಗ ನನಗೆ ಬಹಳ ಸಮಾಧಾನ ಆಯಿತು. ಆದರೆ ಕಾಯ್ದೆಯನ್ನು ಪೂರ್ತಿ ಓದಿದರೆ ಇನ್ನೊಂದು ವಿಷಯವೂ ಕಾಣುತ್ತದೆ. ಇದು ಹೆಣ್ಣಿಗೆ ಬೇಕು ಅಂದಾಗ ಸಿಗುವ ಹಕ್ಕಲ್ಲ. ಡಾಕ್ಟರಿಗೆ ಸರಿ ಅನ್ನಿಸಬೇಕು. ಹಾಗಾಗಿ ಡಾಕ್ಟರ್ ಮುಖ ಸಿಂಡರಿಸಿದರೆ ಓದು ಬರಹ ಇಲ್ಲದವಳ ಕಥೆ ಅಲ್ಲಿಗೇ ಮುಗಿಯಿತು. ಇನ್ನೊಬ್ಬ ಡಾಕ್ಟರ್ ಹತ್ತಿರ ಹೋಗುತ್ತೇನೆ ಅನ್ನಲು ಕೈಯಲ್ಲಿ ದುಡ್ಡಿರಬೇಕು.

18ರ ಒಳಗಿನವರ ವಿಷಯ ಇನ್ನೂ ಕಷ್ಟ. ನಮ್ಮ ಭಾಗದಲ್ಲಿ ಬಾಲ್ಯವಿವಾಹ ನಿಂತಿಲ್ಲ, ಸುಮ್ನೆ ಸುತ್ತಿ ಬಳಸಿ ಮಾತಾಡುವುದು ಬೇಡ. ಹದಿನಾರರ ಹುಡುಗಿ ಬಸುರಿಯಾಗಿ ಆಸ್ಪತ್ರೆಗೆ ಬಂದರೆ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಕೇಸಿನ ಭಯಕ್ಕೆ ಮನೆಯವರು ಆಸ್ಪತ್ರೆಯ ಕಡೆ ತಲೆ ಹಾಕಲ್ಲ. ಕೇಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ 2022ರ ತೀರ್ಪಿನಲ್ಲಿ, ಹುಡುಗಿ ಅಥವಾ ಪೋಷಕರು ಕೇಳಿಕೊಂಡರೆ ಡಾಕ್ಟರ್ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ ಅಂತ ಇದೆ. ಇದು ಎಷ್ಟು ಆಸ್ಪತ್ರೆಗಳ ಗೋಡೆಯ ಮೇಲೆ ಬರೆದಿದೆ?

ಈಗ ನಮ್ಮ ವ್ಯಾಪಾರದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮ ಸುದ್ದಿ ಅದರ ಬಗ್ಗೆಯೇ ಇತ್ತು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಒಂದು ಹೆಣ್ಣು ಭ್ರೂಣ ಹತ್ಯೆ ಜಾಲ ಹಿಡಿದರು. ಮಂಡ್ಯದ ಕಡೆ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಲಿಂಗ ಪತ್ತೆ ಮಾಡುತ್ತಿದ್ದರು ಅಂತ ಎಲ್ಲ ಪತ್ರಿಕೆಗಳಲ್ಲೂ ಬಂತು. ಅಂಥವರಿಗೆ ಎಷ್ಟು ಶಿಕ್ಷೆ ಕೊಟ್ಟರೂ ಕಡಿಮೆ. ಆದರೆ ಇಂಥ ಪ್ರತಿ ಸುದ್ದಿಯ ನಂತರ ಮೆಡಿಕಲ್ ಶಾಪಿನವರ ಎದೆ ಢವಢವ ಅನ್ನುತ್ತದೆ. ಯಾವ ಚೀಟಿಗೆ ಕೊಟ್ಟೆ, ಬಿಲ್ ಎಲ್ಲಿ, ಝೆರಾಕ್ಸ್ ಎಲ್ಲಿ. ಮಾತ್ರೆ ಶೆಡ್ಯೂಲ್ ಎಚ್‌ನಲ್ಲಿ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿ ಇದೆ, ಲೆಕ್ಕ ಕೇಳುವುದು ಅವರ ಹಕ್ಕು. ಆದರೆ ತಿಂಗಳಿಗೆ ಒಂದೆರಡು ಚೀಟಿ ಬರುವ ಮಾಲಿಗೆ ಲೈಸೆನ್ಸ್ ಪಣಕ್ಕೆ ಇಡುವುದು ಯಾರಿಗೆ ಬೇಕು? ನಾವು ಇಡುವುದನ್ನೇ ಬಿಟ್ಟೆವು. ಪಕ್ಕದವರೂ ಬಿಟ್ಟರು. ಈಗ ಸರಿಯಾದ ಚೀಟಿ ತಂದವಳಿಗೂ ಇಲ್ಲ ಅನ್ನಬೇಕಾಗಿದೆ. ಪೇಪರಿನಲ್ಲಿ ಸುತ್ತಿ ಕೊಡುವವನ ಹತ್ತಿರ ಮಾತ್ರ ಯಾವಾಗಲೂ ಸ್ಟಾಕ್ ಇರುತ್ತದೆ.

ಇಲ್ಲಿ ಅಧಿಕಾರಿಗಳಿಗೆ ಒಂದು ಮಾತು ಹೇಳಬೇಕು. ಭ್ರೂಣದ ಲಿಂಗ ಹನ್ನೆರಡು ವಾರ ದಾಟುವ ಮೊದಲು ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ಗೊತ್ತಾಗಲ್ಲ. ಮಾತ್ರೆಯ ಗಡುವು 9 ವಾರಕ್ಕೇ ಮುಗಿಯುತ್ತದೆ. ಅಂದರೆ ಡಾಕ್ಟರ್ ಚೀಟಿಯ ಮೇಲೆ ಎಂಟನೇ ವಾರದಲ್ಲಿ ಮಾತ್ರೆ ತಗೊಳ್ಳುವವಳಿಗೆ ಹೊಟ್ಟೆಯಲ್ಲಿ ಇರುವುದು ಹೆಣ್ಣೋ ಗಂಡೋ ಗೊತ್ತೇ ಇರುವುದಿಲ್ಲ. ಲಿಂಗ ಪತ್ತೆಗೆ 1994ರ ಕಾಯ್ದೆ ಬೇರೆಯೇ ಇದೆ. ಆ ಕೇಸಿನ ಸಿಟ್ಟು ಈ ಹೆಂಗಸರ ಮೇಲೆ ಯಾಕೆ? ಬೇಗ ಸಿಗುವ ದಾರಿ ಮುಚ್ಚಿದರೆ ಎಲ್ಲರೂ ಹನ್ನೆರಡು ವಾರ ದಾಟಿಯೇ ಬರುತ್ತಾರೆ. ಆಗಲೇ ಅಲ್ವಾ ಲಿಂಗ ಗೊತ್ತಾಗುವುದು!

ಇದು ನಮ್ಮ ಒಂದು ತಾಲ್ಲೂಕಿನ ಗೋಳಲ್ಲ. 2015ರ ಲೆಕ್ಕ ಹಿಡಿದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಆ ವರ್ಷ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತ ನಡೆದಿವೆ. ಅದರಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಪಾತ ಆದವುಗಳ ಪೈಕಿ ಶೇ 27ರಷ್ಟು ಹೆಂಗಸರು ಮನೆಯಲ್ಲಿ ತಾವೇ ಮಾಡಿಕೊಂಡದ್ದು. ಮನೆಯಲ್ಲಿ ಮಾಡಿಕೊಂಡದ್ದೆಲ್ಲ ಅಪಾಯ ಅಂತ ನಾನು ಹೇಳಲ್ಲ. ಸರಿಯಾದ ಮಾತ್ರೆ, ಸರಿಯಾದ ವಾರ, ಹೇಳಿಕೊಡುವವರು ಒಬ್ಬರು, ತೊಂದರೆ ಆದರೆ ಹೋಗಲು ಆಸ್ಪತ್ರೆ ಇದ್ದರೆ ಇದು ಬಹಳ ಸುರಕ್ಷಿತ. ಎರಡು ಗಂಟೆ ಬಿಡದೆ ಗಂಟೆಗೆ ಎರಡು ಪ್ಯಾಡ್ ತೋಯ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು ಅಂತ ನಮಗೆ ಗೊತ್ತು. ಪ್ಯಾಡ್ ಬದಲು ಹಳೆ ಸೀರೆ ಬಳಸುವವಳು, ನಮ್ಮ ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧ ಜನರಂತೆ ರಕ್ತ ಕಡಿಮೆ ಇರುವವಳು, ಆ ಲೆಕ್ಕವನ್ನು ಹೇಗೆ ಹಿಡಿಯಬೇಕು?

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಎದ್ದು ಕೂತಿತು. ಡ್ರಿಪ್ ಬಾಟ್ಲಿಯ ಗುಣಮಟ್ಟದವರೆಗೆ ತನಿಖೆ ಹೋಯಿತು. ಹೋಗಲೇಬೇಕಿತ್ತು. ಬಸಿರು ಇಳಿಸಿಕೊಂಡು 42 ದಿನದ ಒಳಗೆ ಅದರ ತೊಂದರೆಯಿಂದ ಸತ್ತರೂ ಅದು ತಾಯಿ ಮರಣವೇ. ಆದರೆ ಆ ಸಾವಿಗೆ ಯಾರೂ ಧರಣಿ ಕೂರುವುದಿಲ್ಲ. ಮನೆಯವರು ಹೊಟ್ಟೆನೋವು ಅಂತ ಬರೆಸುತ್ತಾರೆ, ಮಣ್ಣು ಮಾಡುತ್ತಾರೆ. ಆಟೋದಲ್ಲಿ ಬಂದ ಆ ಹುಡುಗಿ ಸತ್ತಿದ್ದರೂ ಮುಟ್ಟು ಜಾಸ್ತಿ ಹೋಗಿತ್ತು ಅಂತಲೇ ಬರೆಸುತ್ತಿದ್ದರು. ಅವಳ ಅತ್ತೆ ನನ್ನ ಮುಂದೆ 108ರ ಹುಡುಗನಿಗೆ ಹೇಳಿದ್ದೂ ಅದನ್ನೇ.

ಬದುಕಿದವರದ್ದೂ ಒಂದು ಲೆಕ್ಕ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಕಾನೂನಿನಲ್ಲಿ ಗರ್ಭಪಾತ ಆದವರಿಗೆ ಆರು ವಾರ ಸಂಬಳ ಸಹಿತ ರಜೆ ಇದೆ. ಕಾರ್ಖಾನೆ, ಆಫೀಸಿನಲ್ಲಿ ಕೆಲಸ ಮಾಡುವವರು ಕೇಳಿದರೆ ಸಿಗುತ್ತದೆ. ಗದ್ದೆಗೆ ಇಳಿಯುವವಳಿಗೆ, ಮೆಣಸಿನಕಾಯಿ ಬಿಡಿಸುವವಳಿಗೆ, ಬಳ್ಳಾರಿಯಲ್ಲಿ ಮನೆಯಲ್ಲೇ ಕೂತು ಜೀನ್ಸ್‌ಗೆ ದಾರ ಕತ್ತರಿಸುವವಳಿಗೆ ಯಾರು ಕೊಡಬೇಕು? ನಮ್ಮ ಹುಡುಗಿ ವಾರ ಕಳೆಯುವ ಮೊದಲೇ ಕಳೆ ತೆಗೆಯಲು ಹೋದಳು. 2023ರಿಂದ ಬಸ್ ಫ್ರೀ ಆಗಿದೆ, ಇಲ್ಲ ಅನ್ನಲ್ಲ, ಅದರಿಂದ ಎಷ್ಟೋ ಜನ ಆಸ್ಪತ್ರೆ ಮುಖ ನೋಡುತ್ತಿದ್ದಾರೆ. ಹೋದ ದಿನದ ಕೂಲಿ ಮಾತ್ರ ಯಾರೂ ಕೊಡಲ್ಲ.

ಗಂಡಸರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಿರೋಧ್ ಕೇಳಲು ನಾಚಿಕೆ, ಗಂಡಸರ ಆಪರೇಷನ್ ಅಂದರೆ ನಗು. ನಮ್ಮ ರಾಜ್ಯದಲ್ಲಿ ಗಂಡಸರ ಆಪರೇಷನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗಂಟೆಯೊಳಗೆ ಮನೆಗೆ ಹೋಗಬಹುದಾದ ಸಣ್ಣ ಕೆಲಸ ಅದು.

ಏನು ಮಾಡಬಹುದು ಅಂತ ನನಗೆ ತೋಚಿದ್ದು ಹೇಳುತ್ತೇನೆ. ಹೊಸ ಕಟ್ಟಡ ಬೇಡ. ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೆ ಒಂದು ದಿನ ಇದಕ್ಕೇ ಇಡಲಿ. ಆ ದಿನ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಮಾತ್ರೆ, ಎಂವಿಎ ಎಲ್ಲ ಒಂದೇ ಕಡೆ, ಒಂದೇ ದಿನ ಮುಗಿಯಬೇಕು. ಒಬ್ಬ ಎಂಬಿಬಿಎಸ್ ಡಾಕ್ಟರಿಗೆ ತರಬೇತಿ ಕೊಟ್ಟರೆ 12 ವಾರದವರೆಗಿನ ಕೆಲಸ ಅಲ್ಲೇ ಆಗುತ್ತದೆ. ಸರ್ಕಾರಿ ಆಸ್ಪತ್ರೆಗೆ ಬೇರೆ ಅನುಮತಿಯೂ ಬೇಕಿಲ್ಲ. ಆ ದಿನ ಊರಿನ ಸಂತೆಯ ದಿನವೇ ಆಗಿರಲಿ. ಸಂತೆ ದಿನ ಕೂಲಿಗೆ ಹೋಗುವವರು ಕಡಿಮೆ. ಬಟವಾಡೆ ಆಗಿ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಪೇಟೆಗೆ ಯಾಕೆ ಹೋಗಿದ್ದೆ ಅಂತ ಯಾರೂ ಕೇಳುವುದಿಲ್ಲ. ವಾಪಸ್ ಬರುವಾಗ ಚೀಲದಲ್ಲಿ ಉಳ್ಳಾಗಡ್ಡಿ, ಬದನೆಕಾಯಿ ಇದ್ದರೆ ಮುಗಿಯಿತು.

ಜೊತೆಗೆ ಹೊರರೋಗಿ ವಿಭಾಗದ ಬಾಗಿಲಲ್ಲಿ ಒಂದು ಬೋರ್ಡ್ ಇರಲಿ, ಓದಲು ಬಾರದವರಿಗೆ ನರ್ಸಮ್ಮ ಬಾಯಲ್ಲೇ ಹೇಳಲಿ: ಗಂಡನ ಸಹಿ ಬೇಕಿಲ್ಲ, ಆಪರೇಷನ್ ಅಥವಾ ಕಾಪರ್-ಟಿ ಮಾಡಿಸಿಕೊಳ್ಳಲೇಬೇಕು ಅಂತಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಹೆಸರು ಬಿಟ್ಟುಕೊಟ್ಟವರಿಗೆ ಒಂದು ವರ್ಷದವರೆಗೆ ಜೈಲು ಅಂತ ಕಾಯ್ದೆಯಲ್ಲೇ ಇದೆ. ಆಶಾ ಪುಸ್ತಕದಲ್ಲಿ ಬರೆಯುವ ಮೊದಲು, ಈ ಬಸಿರು ಬೇಕೋ ಬೇಡವೋ ಅಂತ ಅವಳನ್ನೇ ಒಮ್ಮೆ ಕೇಳಲಿ. ಔಷಧ ನಿಯಂತ್ರಣದವರು ದಾಳಿ ಮಾಡಲಿ, ಜೊತೆಗೆ ತಾಲ್ಲೂಕಿಗೆ ಎರಡು ಮೂರು ಮೆಡಿಕಲ್ ಶಾಪ್‌ಗಳಾದರೂ ಚೀಟಿಗೆ ಮಾತ್ರೆ ಕೊಡುವಂತೆ ಧೈರ್ಯ ತುಂಬಲಿ. ನೀವು ಇಟ್ಟುಕೊಳ್ಳಿ, ಲೆಕ್ಕ ಸರಿ ಇದ್ದರೆ ನಿಮ್ಮ ತಂಟೆಗೆ ಬರಲ್ಲ ಅಂತ ಬರವಣಿಗೆಯಲ್ಲಿ ಕೊಟ್ಟರೆ ನಾಳೆಯೇ ಆರ್ಡರ್ ಹಾಕುತ್ತೇನೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ಬಂದು ಇಷ್ಟು ವರ್ಷ ಆಯಿತು. ಇಲ್ಲಿನ ಪ್ರದೇಶಾಭಿವೃದ್ಧಿ ಮಂಡಳಿಗೆ ಕೋಟಿಗಟ್ಟಲೆ ದುಡ್ಡು ಬರುತ್ತದೆ. ಎಂವಿಎ ಸಿರಿಂಜ್, ತರಬೇತಿ, ವಾರಕ್ಕೆ ಒಂದು ದಿನ ಸ್ಕ್ಯಾನಿಂಗ್ ಡಾಕ್ಟರ್, ಇದಕ್ಕೆ ಎಷ್ಟು ಖರ್ಚಾದೀತು? ನಮ್ಮ ಶಾಸಕರು ಗುದ್ದಲಿ ಪೂಜೆ ಮಾಡುವ ಒಂದು ಸಿಸಿ ರಸ್ತೆಯಷ್ಟೂ ಆಗಲಿಕ್ಕಿಲ್ಲ. ಗುದ್ದಲಿ ಪೂಜೆಗೆ ಇಲ್ಲಿ ಜಾಗ ಇಲ್ಲ ನೋಡಿ, ಅದೇ ತೊಂದರೆ.

ನಿಮಗೂ ಒಂದು ಕೋರಿಕೆ. ಮುಂದಿನ ಸಲ ‘ಗರ್ಭಪಾತದ ಮಾತ್ರೆ ಅಕ್ರಮ ಮಾರಾಟ, ದಾಳಿ’ ಅಂತ ಸುದ್ದಿ ಹಾಕಿದಾಗ ಅದರ ಕೆಳಗೆ ಎರಡು ಸಾಲು ಸೇರಿಸಿ: ಈ ಸೇವೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾನೂನುಬದ್ಧವಾಗಿ ಸಿಗುತ್ತದೆ, 18 ತುಂಬಿದವರಿಗೆ ಅವರ ಸಹಿ ಸಾಕು. ಜಿಲ್ಲೆಯಲ್ಲಿ ಯಾವ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಅಂತ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಿಂದ ಪಟ್ಟಿ ತರಿಸಿ ಹಾಕಿದರೆ ಇನ್ನೂ ಒಳ್ಳೆಯದು. ಆ ಪುಟ ನಮ್ಮ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ.

ದಯವಿಟ್ಟು ನನ್ನ ಹೆಸರು, ಅಂಗಡಿಯ ಹೆಸರು ಪ್ರಕಟಿಸಬೇಡಿ.

ಇತಿ ನಿಮ್ಮ ಓದುಗಿ,
ಮೆಡಿಕಲ್ ಶಾಪ್ ನಡೆಸುವ ಹೆಣ್ಣುಮಗಳು
ಕಾರಟಗಿ, ಕೊಪ್ಪಳ ಜಿಲ್ಲೆ